ನೀರಣ್ಣನ ಹೂಂ

ಆ ಪ್ರಶ್ನೆ ಆಮೇಲೆ. ಮೊದಲು ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡತ್ತೆ, ಈ ಕಡೇದು ಎಳ್ಕೋ. ಬಾಗಿಲು ಮುಂದಕ್ಕೆ ಹಾಕು... ಪಕ್ಕದ ಇತಿಹಾಸ ವಿಭಾಗದೋರಿಗೆ ಕಿವಿ ಗೋಡೆಗೇ ಅಂಟ್ಕೊಂಡಿರತ್ತೆ. ಹಾಂ. ಮತ್ತೆ ಇಲ್ಲಿ ಅತ್ತೆ ಅನ್ನಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಮನೇಲಿ ಅತ್ತೆ, ಕಾಲೇಜಲ್ಲಿ ಮೇಡಂ. 'ಅತ್ತೆ, ನೀರಣ್ಣನ ಹೆಸರು ಪ್ರಿನ್ಸಿಪಾಲರಿಗೆ ಹೇಳಿದ್ದು ಯಾರು' ಅಂತ ಮೆಟ್ಟಿಲಿಂದಲೇ ಕೂಗ್ತಾ ಬಂದ್ಯಲ್ಲ, ಇಡೀ ಕಟ್ಟಡಕ್ಕೆ ಕೇಳಿಸಿರತ್ತೆ.

ಯಾರು ಹೇಳಿದ್ರೋ ನನಗೇನು ಗೊತ್ತು? ನಿನ್ನ ಲೇಖನ ಇರೋ ನಮ್ಮ ವಿಭಾಗದ ಪತ್ರಿಕೆ ಹೊರಗೆ ಬಂದ ಮೇಲೆ ನಾನು ಪ್ರಿನ್ಸಿಪಾಲರ ಕೋಣೆ ಕಡೆ ತಲೇನೂ ಹಾಕಿಲ್ಲ. ಆ ಮುಖ ನೋಡೋಕೇ ನನಗೆ ಹೇಸಿಗೆ.

ಮೂಗು ಒರೆಸ್ಕೋ. ತಗೋ, ಒಗೆದಿರೋ ಕರವಸ್ತ್ರಾನೇ. ಅಲ್ಲಿಂದಾನೇ ಬಂದ್ಯಾ, ಪಂಪ್‌ಹೌಸಿಂದ? ಸಾಮಾನು ಆಗಲೇ ಹೊರಗೆ ಹಾಕಿದಾರಾ?... ಮಂಚಾನೂ?... ಥೂ. ಇವರ ಅವಸರ ನೋಡು. ಹಾಸ್ಟೆಲ್ ಟ್ಯಾಂಕ್ ತೊಳೆಸ್ರಪ್ಪಾ ಅಂದ್ರೆ ಆಳಿಲ್ಲ, ಏಣಿ ಇಲ್ಲ, ಇವತ್ತು ಅಮಾವಾಸ್ಯೆ ನಾಳೆ ಹುಣ್ಣಿಮೆ. ನೀರು ಬಿಡೋನನ್ನ ಕೆಲಸದಿಂದ ತೆಗೆದು ಅವನ ಒಂದು ಕೋಣೆ ಖಾಲಿ ಮಾಡಿಸೋಕೆ ಮಾತ್ರ ಆಳೂ ಬಂದ್ರು, ಗಾಡೀನೂ ಬರತ್ತೆ.

ಹೆಂಡತಿ ಏನಂದ್ಲು?... ಗಂಟಲು ಸರಿ ಮಾಡ್ಕೊಂಡು ಹೇಳು, ಅರ್ಥ ಆಗ್ತಿಲ್ಲ... 'ನಮ್ಮ ಹೊಸಿಲಲ್ಲಿ ಕೂತು ಟೀ ಕುಡಿದ ಬಾಯಿ ಇದೇನಾ' ಅಂದ್ಲಾ. ಹೂಂ. ಅನ್ನಲಿ ಬಿಡು. ಕಳ್ಕೊಂಡೋರು ಅನ್ನದೆ ಇನ್ಯಾರು ಅಂತಾರೆ? ಅವಳಿಗೆ ಕಂಡಿದ್ದು ನೀನು. ಫೋನ್ ಹಿಡ್ಕೊಂಡು ಬಂದೋಳು ನೀನು. ನೀನು ಬಂದು ಹೋದೆ, ಅವನ ಕೆಲಸ ಹೋಯ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅವನೇನಂದ, ನೀರಣ್ಣ?... 'ನಾನು ಯಾರಿಗೂ ನಿಮ್ಮ ಹೆಸರು ಹೇಳಿಲ್ಲ ಅಣ್ಣ, ನನ್ನಾಣೆ' ಅಂತ ನೀನು ಅಂದೆ. ಸರಿ. ಅದಕ್ಕೆ ಅವನು?

ಹೂಂ ಅಂದ.

ನಗ್ತಿಲ್ಲ ಕಣೇ. ಈಗ ಗೊತ್ತಾಯ್ತಾ ನಿನಗೆ? ನಂಬಿದೆ ಕಣಮ್ಮ ಅಂತ ಹೂಂ ಅಂದನೋ, ಸಾಕು ಎದ್ದು ಹೋಗು ಅಂತ ಹೂಂ ಅಂದನೋ, ಅದು ತಿಳೀದೆ ದಾರಿ ಉದ್ದಕ್ಕೂ ಅತ್ಕೊಂಡು ಬಂದಿದೀಯ. ಅದೇ ಬಾಯಿಂದ ಬಂದ ಅದೇ ಹೂಂ ಇಟ್ಕೊಂಡು ನೀನು ಮುಖಪುಟ ತುಂಬಿಸಿದ್ಯಲ್ಲೇ!

ನಿನ್ನ ರೆಕಾರ್ಡಿಂಗ್ ನಾನು ಪೂರ್ತಿ ಕೇಳಿದೀನಿ. ಮೊದಲು ಮೋಟಾರಿನ ಗರಗರ. ಆಮೇಲೆ ನಿನ್ನ ದನಿ, ಟೀವಿಯೋರ ಥರ ಎಳೆದು ಎಳೆದು. 'ಅಣ್ಣ, ರೆಕಾರ್ಡ್ ಮಾಡ್ಕೊಳ್ಳಲಾ?' ಹೂಂ. 'ಸೆಖೆ ಜಾಸ್ತಿ ಅಲ್ವಾ ಇಲ್ಲಿ?' ಹೂಂ. 'ಪತ್ರಿಕೇಲಿ ನಿಮ್ಮ ಹೆಸರು ಹಾಕಬಹುದಾ?' ಹೂಂ. 'ಅಥವಾ ಹೆಸರು ಬೇಡ್ವಾ?' ಅದಕ್ಕೂ ಹೂಂ! ಅಲ್ಲೇ ಗೊತ್ತಾಗ್ಬೇಕಿತ್ತಲ್ಲೇ ಪೆದ್ದಿ, ಈ ಮನುಷ್ಯನ ಹೂಂ ಹೌದು ಅಲ್ಲ, ಕೇಳಿಸ್ತಿದೆ ಹೇಳಮ್ಮ ಅನ್ನೋ ಹೂಂ ಅಂತ. ನಿನ್ನ ಅಜ್ಜಿ ಕಥೆ ಹೇಳುವಾಗ ನೀನು ಹೂಂಗುಟ್ತಿರಲಿಲ್ವಾ? ರಾಕ್ಷಸ ರಾಜಕುಮಾರೀನ ಎತ್ಕೊಂಡು ಹೋದ. ಹೂಂ. ಅಂದ್ರೆ ನೀನು ರಾಕ್ಷಸನ ಕಡೇನಾ?

ಹೆಸರು ಹಾಕದೆ ಬಿಟ್ಟೆ, ಅದೊಂದು ಒಳ್ಳೇ ಬುದ್ಧಿ. 'ಎಲ್ಲೂ ನಿಮ್ಮ ಹೆಸರು ಬರಲ್ಲ ಅಣ್ಣ, ಮಾತು ಕೊಡ್ತೀನಿ' ಅಂದೆ. ಕೇಳಿಸ್ತು ಅದು. ಅಷ್ಟು ಸಾಲದು ಅಂತ ಗೊತ್ತಾಗ್ಲಿಲ್ವಾ? ಅವನನ್ನ ಕೂರಿಸಿ ಹೇಳ್ಬೇಕಿತ್ತು. ನೋಡಣ್ಣ, ನಾನು ಬರೀ ಹುಡುಗಿ ಅಲ್ಲ, ನೀನು ಹೇಳಿದ್ದು ಅಚ್ಚಾಗತ್ತೆ, ವಾರ್ಡನ್ನಮ್ಮ ಓದ್ತಾಳೆ, ಪ್ರಿನ್ಸಿಪಾಲರು ಓದ್ತಾರೆ, ನಿನ್ನ ಕೆಲಸಕ್ಕೆ ಕುತ್ತು ಬರಬಹುದು, ಆದ್ರೂ ಹೇಳ್ತೀಯಾ ಅಂತ. ಅವನ ಬಾಯಲ್ಲೇ ಪೂರ್ತಿ ಮಾತು ಹೊರಡಿಸ್ಬೇಕಿತ್ತು. ಹೌದಮ್ಮ ಹೇಳ್ತೀನಿ, ಇಲ್ಲಮ್ಮ ಹೇಳಲ್ಲ. ಅಷ್ಟೂ ಕೇಳದೆ ಒಂದು ಬಡ ಜೀವವನ್ನ ಹಿಡಿದು ಸಾಕ್ಷಿ ಕಟ್ಟೆಗೆ ಹತ್ತಿಸೋದು... ಛೀ. ನನ್ನ ಶಿಷ್ಯೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ.

ಆಮೇಲೆ ನಿನ್ನ ದೊಡ್ಡ ಪ್ರಶ್ನೆ. 'ಟ್ಯಾಂಕಿನ ಜಾಲರಿ ಹರಿದಿರೋದು ವಾರ್ಡನ್‌ಗೆ ಗೊತ್ತಿತ್ತಾ?' ಹೂಂ. 'ಗೊತ್ತಿದ್ದೂ ಸುಮ್ಮನಿದ್ರಾ?' ಹೂಂ. ಆಗ ಅವನು ಮೋಟಾರು ನಿಲ್ಲಿಸೋಕೆ ಎದ್ದಿದ್ದ ಕಣೇ. ಚಪ್ಪಲಿ ಸದ್ದು ದೂರ ಹೋಗೋದು ಕೇಳಿಸತ್ತೆ. ನಿನ್ನ ಕಡೆ ಮುಖಾನೇ ಇರಲಿಲ್ಲ ಆ ಮನುಷ್ಯನದು. ನೀನು ಬರೆದಿದ್ದೇನು? 'ವಾರ್ಡನ್ ಅವರಿಗೆ ಎಲ್ಲವೂ ತಿಳಿದಿತ್ತು ಎಂದು ಹಾಸ್ಟೆಲ್ ಸಿಬ್ಬಂದಿಯೊಬ್ಬರು ಖಚಿತಪಡಿಸಿದರು.' ಖಚಿತ ಅಂತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗೆ.

ಏನು, ನಾನ್ಯಾಕೆ ಅಚ್ಚಿಗೆ ಬಿಟ್ಟೆ ಅಂತಾನಾ? ಬಿಟ್ಟೆ. ಒಪ್ಕೋತೀನಿ. ಪರೀಕ್ಷೆ ಪೇಪರಿನ ಕಟ್ಟಿನ ಮಧ್ಯೆ ಓದಿದೆ. ಹೇಳಿದ್ದು ಯಾರು ಅಂತ ನಿನ್ನ ಕೇಳ್ಲಿಲ್ವಾ? ನೀರಣ್ಣ ಅಂತ ನೀನು ಹೇಳಿದ್ದು ಈ ಕೋಣೇಲೇ. ಗಟ್ಟೀನಾ ಅಂತ ಕೇಳಿದೆ. ಗಟ್ಟಿ ಅತ್ತೆ, ಕಲ್ಲಿನ ಹಾಗೆ ಗಟ್ಟಿ ಅಂದೋಳು ನೀನು. ಮನೆ ಹುಡುಗಿ ಅಂತ ನಂಬಿದೆ. ರೆಕಾರ್ಡಿಂಗ್ ಕೇಳಿದ್ದು ಆಮೇಲೆ, ವಾರ್ಡನ್ ಕಡೆಯಿಂದ ಲಾಯರ್ ನೋಟೀಸು ಬಂದ ಮೇಲೆ.

ಸುಳ್ಳು ಬರೆದೆ ಅಂತ ನಾನು ಹೇಳ್ತಿಲ್ಲ, ಕಣ್ಣು ಕೆಂಪು ಮಾಡ್ಬೇಡ. ಆ ವಾರ್ಡನ್ನಮ್ಮನಿಗೆ ಗೊತ್ತಿತ್ತು. ಚೆನ್ನಾಗೇ ಗೊತ್ತಿತ್ತು! ಟ್ಯಾಂಕಲ್ಲಿ ಪಾರಿವಾಳ ಬಿದ್ದು, ಉಬ್ಬಿ, ಕೊಳೆತು, ಕರಗಿ... ನಲ್ಲೀಲಿ ಪುಕ್ಕ ಬರ್ತಿತ್ತಂತೆ, ಪುಕ್ಕ. ಆ ನೀರಲ್ಲಿ ನೀವೆಲ್ಲ ಹಲ್ಲುಜ್ಜಿದ್ರಿ. ಹುಡುಗೀರು ಸಾಲಾಗಿ ವಾಂತಿ ಮಾಡ್ತಿದ್ರೆ ಅವಳು 'ಹಳೇ ಪೈಪಿನ ವಾಸನೆ' ಅಂತಿದ್ಲು. ಯಾವ ಪೈಪಿಗಾದ್ರೂ ಪುಕ್ಕ ಹುಟ್ಟತ್ತೇನೇ? ನೆನೆಸ್ಕೊಂಡ್ರೆ ಇವತ್ತಿಗೂ ನನಗೆ ನೀರಿನ ಲೋಟ ಎತ್ತೋಕಾಗಲ್ಲ. ಅವಳು ಮಾತ್ರ ತನ್ನ ಕೋಣೆಗೆ ಹೊರಗಿಂದ ಕ್ಯಾನ್ ನೀರು ತರಿಸ್ಕೊಳ್ತಿದ್ಲು. ಖಾಲಿ ಕ್ಯಾನುಗಳು ಅವಳ ಬಾಗಿಲಲ್ಲೇ ಒಂದರ ಮೇಲೊಂದು ನಿಂತಿದ್ವಲ್ಲ, ನೀನು ದಿನಾ ಅದನ್ನ ದಾಟ್ಕೊಂಡೇ ಕ್ಲಾಸಿಗೆ ಬರ್ತಿದ್ದೆ!

ಅದನ್ನ ಬರೀಬೇಕಿತ್ತು ಕಣೇ. ನೀನೇ ಕಂಡಿದ್ದು. ಯಾರ ಹೂಂ ಬೇಕಿರಲಿಲ್ಲ ಅದಕ್ಕೆ. ಕ್ಯಾನ್ ತರೋನನ್ನ ಕೇಳ್ಬೇಕಿತ್ತು, ಯಾವಾಗಿಂದ ತರ್ತಿದೀಯಪ್ಪಾ ಅಂತ. ಅವಳನ್ನೂ ಕೇಳ್ಬೇಕಿತ್ತು, ಅಮ್ಮಾ, ನಿಮಗೆ ಮಾತ್ರ ಯಾಕೆ ಬೇರೆ ನೀರು ಅಂತ. ಉತ್ತರ ಕೊಟ್ರೆ ಉತ್ತರ ಹಾಕು, ಬಾಗಿಲು ಮುಚ್ಚಿದ್ರೆ ಬಾಗಿಲು ಮುಚ್ಚಿದ್ರು ಅಂತ ಹಾಕು. ಹೋದ್ಯಾ ನೀನು ಅವಳ ಹತ್ರ?... ಭಯ ಆಯ್ತಾ. ವಾರ್ಡನ್ ಅಂದ್ರೆ ಭಯ, ನೀರಣ್ಣ ಅಂದ್ರೆ ಸಲೀಸು. ಬಗ್ಗಿದೋನಿಗೆ ಇನ್ನೊಂದು ಗುದ್ದು.

ಈಗ ನೋಡು. ಮಾನನಷ್ಟ ಅಂತೆ. ಪಾರಿವಾಳದ ರಸ ಕುಡಿಸಿದೋಳಿಗೆ ಮಾನವಂತೆ, ಅದಕ್ಕೆ ನಷ್ಟವಂತೆ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲು. ಆದ್ರೆ ಅವಳ ವಕೀಲ ಎದ್ದು ನಿಂತು, ಸಾಕ್ಷಿ ಏನಮ್ಮ ಅಂತ ಕೇಳಿದ್ರೆ ಏನು ಮಾಡ್ತೀಯ? ಫೋನ್ ಎತ್ತಿ ಹಿಡಿದು ಮೋಟಾರಿನ ಗರಗರ ಕೇಳಿಸ್ತೀಯಾ? ನ್ಯಾಯಾಧೀಶರೂ ಹೂಂ ಅಂತಾರೆ, ಮುಂದಿನ ಕೇಸು ಕರೀತಾರೆ.

ಅಧ್ಯಾಪಕರ ಕೋಣೇಲಿ ಇನ್ನೊಂದು ಸಂತೆ. ಪತ್ರಿಕೆ ಬಂದ ದಿನ ಎಲ್ಲರೂ ಬಾಯಿ ಚಪ್ಪರಿಸ್ಕೊಂಡು ಓದಿದ್ದೇ ಓದಿದ್ದು. ನಿಮ್ಮ ಹುಡುಗಿ ಗಟ್ಟಿಗಿತ್ತಿ ಮೇಡಂ, ಭೇಷ್ ಮೇಡಂ. ನೋಟೀಸು ಬಂದ ದಿನ? ನಾನು ಒಳಗೆ ಹೋದ್ರೆ ಒಬ್ಬೊಬ್ಬರಿಗೂ ಕ್ಲಾಸು ನೆನಪಾಯ್ತು. ಇಂಥ ನಡುಬಗ್ಗಿದ ಜನಾನ ನಾನು ಎಲ್ಲೂ ನೋಡಿಲ್ಲ. ಒಬ್ಬರೂ, ಒಬ್ಬರೇ ಒಬ್ಬರೂ, ನೀರಣ್ಣನ ಪರವಾಗಿ ಒಂದು ಮಾತು ಆಡಲಿಲ್ಲ. ಬೆನ್ನೆಲುಬು ತೆಗೆದು ಮನೇಲಿಟ್ಟು ಕೆಲಸಕ್ಕೆ ಬರ್ತಾರೆ ಅಂತ ಕಾಣತ್ತೆ.

ಮತ್ತೆ ಅದೇನಾ?... ನೀನು ಕೇಳ್ಲಿಲ್ಲ, ಸರಿ, ಮುಖದಲ್ಲಿ ಕಾಣ್ತಿದೆ. ಯಾರಾದ್ರೂ ಊಹೆ ಮಾಡಿರ್ತಾರೆ ಬಿಡು. ಸಿಬ್ಬಂದಿಯೊಬ್ಬರು ಅಂದ್ರೆ ಗೊತ್ತಾಗಲ್ವಾ?... ಅಡುಗೆಯೋರೂ ಸಿಬ್ಬಂದಿ, ಕಸ ಗುಡಿಸೋರೂ ಸಿಬ್ಬಂದಿ, ಗೇಟಿನ ಕಾವಲಿನೋರೂ ಸಿಬ್ಬಂದಿ. ಹೌದಪ್ಪ, ಅದು ನಿಜ. ಜಾಣೆ. ಹಾಗಾದ್ರೆ ನೀನು ಪಂಪ್‌ಹೌಸಲ್ಲಿ ಕೂತಿದ್ದು ಯಾರೋ ನೋಡಿರ್ತಾರೆ... ಗೋಡೆ ಹಿಂದೆ? ಆ ಕಡೆ ದಾರೀನೇ ಇಲ್ವಾ? ಸರಿ. ಸರಿ. ಹಾಸ್ಟೆಲಲ್ಲಿ ಗೆಳತೀರ ಹತ್ರ ನೀನೇ ಬಾಯಿ ಬಿಟ್ಟಿರ್ತೀಯ. ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಅನ್ನೋದು ನಾನು ಕಾಣೆನಾ, ನಿಮ್ಮಪ್ಪನ ಹಾಗೇ...

ತಲೆ ಅಲ್ಲಾಡಿಸ್ಬೇಡ. ಬಿಟ್ಟಿಲ್ವಾ?

ಇಬ್ಬರಿಗೇ ಗೊತ್ತಿದ್ದಿದ್ದು, ನಿನಗೂ ನನಗೂ. ಅದೇ ತಾನೇ ನೀನು ಹೇಳ್ತಿರೋದು? ಹೇಳ್ತಿಲ್ವಾ? ಒಳ್ಳೇದು.

ನೋಡು, ನಾಳೆ ಪ್ರಿನ್ಸಿಪಾಲರು ಈ ಲೇಖನದ ವಿಚಾರಣೆಗೆ ನಿನ್ನ ಕರೆದಾಗ ಜೋಪಾನ. ಹೆಸರು ಕೇಳಿದ್ರೆ, ಮಾತು ಕೊಟ್ಟಿದೀನಿ, ಹೇಳೋಕಾಗಲ್ಲ ಅನ್ನು. ಗೊತ್ತಿದ್ರೂ ಅವರು ಕೇಳ್ತಾರೆ, ನಿನ್ನ ಬಾಯಿಂದಲೇ ಬರಬೇಕು ಅಂತ. ಬರೋಕೆ ಬಿಡಬೇಡ. ತಪ್ಪಾಗಿ ಬರೆದಿದ್ದಕ್ಕೆ ತಿದ್ದುಪಡಿ ಹಾಕೋಣ, ಅದು ಬೇರೆ. ಕೊಟ್ಟ ಮಾತು ಬೇರೆ. ಆ ಪ್ರಿನ್ಸಿಪಾಲಿನ ಮುಂದೆ ಒಂದಕ್ಷರ ಜಾರಿದ್ರೂ ಮುಗೀತು. ಮನುಷ್ಯನಾ ಅದು? ಬಿಸ್ಕತ್ತನ್ನ ಟೀಲಿ ಅದ್ದಿ ಮಾತಾಡ್ತಾ ಮರೆತುಬಿಡೋದು, ಅದು ಮುರಿದು ಒಳಗೆ ಬೀಳೋದು, ಬೆರಳು ಹಾಕಿ ತೆಗೆಯೋದು, ನೆಕ್ಕೋದು. ನೆಕ್ಕಿದ ಬೆರಳನ್ನ ಎಲ್ಲಿ ಒರೆಸಿದ ಗೊತ್ತಾ? ನಿನ್ನ ಲೇಖನದ ಮೇಲೆ. ಆ 'ಖಚಿತಪಡಿಸಿದರು' ಅನ್ನೋ ಸಾಲಿನ ಮೇಲೇ, ಎಂಜಲು ಬೆರಳು ಹೀಗೆ ಎಳೆದ. ಅಸಹ್ಯ ಆಗೋಯ್ತು ನನಗೆ, ಅಲ್ಲೇ ವಾಂತಿ...

ಏನು?

ಯಾಕೆ ಹಾಗೆ ನೋಡ್ತಿದೀಯ? ಅವನು ಬಿಸ್ಕತ್ತು ತಿನ್ನೋ ಅಂದ ಊರಿಗೇ ಗೊತ್ತಿರೋ ವಿಷ್ಯ.

ಲೇಖನದ ಮೇಲೆ ಅಂದ್ರೆ... ಯಾರೋ ಹೇಳಿದ್ರಪ್ಪ. ಗುಮಾಸ್ತರು ಹೇಳಿದ್ರು. ಆಫೀಸಿನ ಗುಮಾಸ್ತರು, ಕನ್ನಡಕದೋರು. ಅವರು ಏನೋ ಕಾಗದಕ್ಕೆ ಅಂತ ಒಳಗೆ ಹೋಗಿದ್ರಂತೆ, ನೋಡಿದ್ರಂತೆ... ನನಗೆ ಬಂದು ಹೇಳಿದ್ರು.

ಏನಾದ್ರೂ ಮಾತಾಡೇ. ಸುಳ್ಳು ಅನ್ನು, ಬೈ. ಇಷ್ಟು ಹೊತ್ತು ಮೂಗು ಸುರಿಸ್ತಿದ್ದೆ, ಈಗ ಅದೂ ನಿಲ್ಲಿಸಿ ಕೂತಿದೀಯಲ್ಲ.

ಓಹೋ. ಇದಾ. ಕೇಳೋದು ಒಂದು ಸಲ ಕೇಳಿ ಸುಮ್ಮನಿದ್ದುಬಿಡಿ, ಎದುರಿಗಿರೋರು ತಡೆಯೋಕಾಗದೆ ತಾವೇ ಬಾಯಿ ಬಿಡ್ತಾರೆ... ನಾನೇ ಹೇಳಿಕೊಟ್ಟಿದ್ದು, ನನ್ನ ಮೇಲೇನಾ? ಅತ್ತೆ ಮೇಲೆ? ನೀನು ಅಂಗೈಯಗಲ ಇದ್ದಾಗ ಎತ್ತಿ ಆಡಿಸಿದ ಕೈ ಕಣೇ ಇದು.

ಕರೆದ್ರು, ಹೋಗಿದ್ದೆ. ಆಯ್ತಾ? ಕರೆದ್ರೆ ಹೋಗದೆ ಇರೋಕಾಗತ್ತಾ? ಹೋದ್ರೆ ತಪ್ಪಾ? ನಾನೇನು ಅಲ್ಲಿ ಹೋಗಿ ಡಂಗುರ ಹೊಡೀಲಿಲ್ಲ. ಅವನೇ ಮಾತಾಡಿದ್ದು. ಒಂದೇ ಸಮನೆ. ಪತ್ರಿಕೆ ಯಾಕೆ ಬೇಕು ಮೇಡಂ, ನಿಮ್ಮ ವಿಭಾಗ ಯಾಕೆ ಬೇಕು, ನಿಮ್ಮ ಕೋಣೇನ ಬೇರೆಯೋರಿಗೆ ಕೊಟ್ರೆ ಹೇಗೆ, ನೀವೂ ಸುಸ್ತಾಗಿದೀರ, ಮನೇಲಿದ್ದು ವಿಶ್ರಾಂತಿ ತಗೊಳ್ಳಿ... ಹೀಗೇ. ನಾನು ಏನನ್ನಲಿ? ಹೂಂ, ಹೂಂ ಅಂತ ಕೇಳಿಸ್ಕೊಳ್ತಾ ಕೂತಿದ್ದೆ. ದೊಡ್ಡೋರು ಮಾತಾಡುವಾಗ ಅನ್ನಲ್ವಾ, ಹಾಗೆ. ಅದರ ಮಧ್ಯದಲ್ಲೇ ಎಲ್ಲೋ ಅಂದ, 'ಆ ನೀರು ಬಿಡೋನೇ ತಾನೇ ಮೇಡಂ, ಇದನ್ನೆಲ್ಲ ಹೇಳಿದ್ದು?'

ಹೂಂ ಅಂದೆ.

ಕೇಳಿಸ್ಕೊಳ್ತಿದೀನಿ ಅನ್ನೋ ಹೂಂ ಕಣೇ ಅದು. ಮಾತಿನ ಓಟದಲ್ಲಿ ಬಂದಿದ್ದು. ಅವನು ಅದನ್ನ ಹೌದು ಅಂತ ತಗೊಂಡ್ರೆ ನಾನೇನು ಮಾಡ್ಲಿ? ನೀನು ತಗೊಳ್ಲಿಲ್ವಾ? ನೀನು ಮಾಡಿದ್ರೆ ಚಿಕ್ಕ ಹುಡುಗಿ, ತಿಳೀಲಿಲ್ಲ. ನಾನು ಮಾಡಿದ್ರೆ...

ಹಾಗೆ ನೋಡ್ಬೇಡ. ಚಿನ್ನೀ, ಹಾಗೆ ನೋಡ್ಬೇಡ ನನ್ನ.

ಅವನು ಅದನ್ನ ಕೇಳಿ ಮಾತು ನಿಲ್ಲಿಸಿದ. ಪೆನ್ನು ತೆಗೆದ. ನಾನು ನೋಡ್ತಾ ಇದ್ದೆ. ಅಯ್ಯೋ ಸಾರ್, ನಾನು ಹಾಗಂದಿಲ್ಲ ಅನ್ನೋಕೆ ಹೊತ್ತಿತ್ತು, ಬೇಕಾದಷ್ಟು ಹೊತ್ತಿತ್ತು. ಅಷ್ಟರಲ್ಲಿ ನನಗೂ ಟೀ ಬಂತು. ಕುಡಿದೆ. ಆ ಬೆರಳು ನೋಡಿದ ಮೇಲೂ, ಅವನ ಎದುರಿಗೆ ಕೂತು, ಕೊನೇ ಗುಟುಕಿನವರೆಗೂ ಕುಡಿದೆ. ಎದ್ದು ಬರುವಾಗ 'ವಿಭಾಗದ ಚಿಂತೆ ಬಿಡಿ ಮೇಡಂ' ಅಂದ. ಅದಕ್ಕೂ ಹೂಂ ಅಂದೆ. ಮಾರನೇ ದಿನ ನೀರಣ್ಣನ ಕೈಯಿಂದ ಪಂಪ್‌ಹೌಸ್ ಬೀಗದ ಕೈ ಇಸ್ಕೊಂಡ್ರು ಅಂತ ನೀನು ಫೋನ್ ಮಾಡಿ ಅತ್ತಾಗ, ಹೌದಾ, ಯಾರು ಹೇಳಿದ್ರಂತೆ ಅಂತ ನಿನ್ನನ್ನೇ ಕೇಳಿದ್ನಲ್ಲ... ಥೂ. ನನ್ನ ಬಾಯಿ ನನಗೇ ನಾರ್ತಿದೆ.

ಹೌದು ಅನ್ನೋ ಹೂಂ ಅದು. ಗೊತ್ತಿದ್ದೇ ಅಂದಿದ್ದು. ಸಾಕಾ?

ಎಲ್ಲಿಗೆ ಎದ್ದೆ?... ಪಂಪ್‌ಹೌಸಿಗಾ? ಗಾಡಿ ಹೊರಡೋದ್ರೊಳಗೆ? ಹೋಗು. ಅವನಿಗೆ ಹೇಳು, ಹೇಳಿದ್ದು ನಾನಲ್ಲ, ನಮ್ಮತ್ತೆ ಅಂತ ಹೇಳು. ನಂಬ್ತಾನೆ... ನಂಬಲ್ವಾ? ತಾನು ತಪ್ಪಿಸ್ಕೊಳ್ಳೋಕೆ ಇನ್ನೊಬ್ಬರ ಮೇಲೆ ಹಾಕ್ತಿದಾಳೆ ಅಂತಾನಾ? ಹೌದು. ಅವನ ಹೆಂಡತಿ ಹಾಗೇ ಅಂತಾಳೆ.

ಹೋಗು ಮತ್ತೆ, ಬಾಗಿಲಲ್ಲಿ ಯಾಕೆ ನಿಂತೆ? ಏನು ಕಾಯ್ತಿದೀಯ?

ನಾನಾ? ನಾನು ಬರ್ಬೇಕಾ, ಈಗಲೇ, ಎಲ್ಲರೂ ನೋಡ್ತಿರುವಾಗ? ಸಾಮಾನಿನ ಮಧ್ಯೆ ನಿಂತ್ಕೊಂಡು ಅವಳ ಮುಂದೆ ನಾನೇ ಕಣಮ್ಮ ಅನ್ಬೇಕಾ? ನಾಳೆ ಬರ್ತೀನಿ ಕಣೇ. ವಿಚಾರಣೆ ಮುಗೀಲಿ, ಅವರು ಎಲ್ಲಿಗೆ ಹೋಗ್ತಾರೋ ಅಲ್ಲಿಗೇ ಹುಡುಕ್ಕೊಂಡು ಹೋಗಿ... ಬಾಗಿಲು ಹಿಡ್ಕೊಂಡು ಹಾಗೆ ನಿಲ್ಲಬೇಡ್ವೇ. ಬಾ ಅತ್ತೆ ಅಂತ ಬಾಯಿ ಬಿಟ್ಟು ಕರಿ. ನೀನು ಕರೆದ್ರೆ ಹೂಂ ಅಂತೀನಿ.